ತೊಟ್ಟಿಲು ಯಾರ ಲೆಕ್ಕಕ್ಕೆ?

ಕೋಯಿಕ್ಕೋಡಿನ ಮಿಠಾಯಿ ತೆರುವಿನ ಬಟ್ಟೆ ಅಂಗಡಿಗಳಲ್ಲಿ ಸೀರೆ ಬಿಚ್ಚಿ ತೋರಿಸುವ ಹೆಂಗಸರು ಬೆಳಿಗ್ಗೆ ನಿಂತರೆ ರಾತ್ರಿ ಅಂಗಡಿ ಬಾಗಿಲು ಹಾಕುವವರೆಗೂ ನಿಂತೇ ಇರಬೇಕಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗೋಡೆಗೆ ಒರಗಿದರೂ ಸಂಬಳದಲ್ಲಿ ಕಟ್. ಶೌಚಾಲಯವಿಲ್ಲದ ಕಾರಣ ಎಷ್ಟೋ ಮಂದಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಅದೇ ಬೀದಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಇವರನ್ನು ಕೂಡಿಸಿ ‘ಪೆಣ್‌ಕೂಟ್ಟು’ ಎಂಬ ಸಂಘಟನೆ ಕಟ್ಟಿದರು. ಮೊದಲು ಶೌಚಾಲಯ ಕೇಳಿದರು, ಆಮೇಲೆ ಕುರ್ಚಿ ಕೇಳಿದರು. ಸುಮಾರು ಎಂಟು ವರ್ಷಗಳ ಹೋರಾಟದ ನಂತರ, 2018ರಲ್ಲಿ, ಕೇರಳ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತಂದು ಕೆಲಸದ ಜಾಗದಲ್ಲಿ ಕೂರುವುದನ್ನು ಹಕ್ಕಾಗಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು.

ಕುರ್ಚಿಯಂಥ ಬೇಡಿಕೆಯನ್ನು ದೊಡ್ಡ ಕಾರ್ಮಿಕ ಸಂಘಗಳು ಯಾವತ್ತೂ ಮುಂದಿಟ್ಟುಕೊಂಡು ಹೋರಾಡಿರಲಿಲ್ಲ. ಅವರ ಪಟ್ಟಿಯಲ್ಲಿ ಕೂಲಿ, ಬೋನಸ್, ಕಾಯಮಾತಿ ಮೊದಲು ಬರುತ್ತವೆ. ಶೌಚಾಲಯ, ಶಿಶುಪಾಲನಾ ಕೇಂದ್ರ, ಮಗುವಿಗೆ ಜ್ವರ ಬಂದ ದಿನದ ರಜೆ ಇವೆಲ್ಲ ಕೊನೆಗೆ, ‘ಇತರೆ’ ಎಂಬ ತಲೆಬರಹದಡಿ. ಆದರೆ ಹೆಣ್ಣೊಬ್ಬಳು ಕೆಲಸದಲ್ಲಿ ಉಳಿಯುತ್ತಾಳೋ ಬಿಡುತ್ತಾಳೋ ಎಂಬುದು ಬಹಳ ಸಲ ತೀರ್ಮಾನವಾಗುವುದು ಈ ‘ಇತರೆ’ಯಲ್ಲೇ. ಭಾರತದಲ್ಲಿ ದುಡಿಯುವ ತಾಯಂದಿರ ಪರವಾದ ಕಾನೂನುಗಳಿಗೆ ಹತ್ತಿರ ಹತ್ತಿರ ನೂರು ವರ್ಷದ ಇತಿಹಾಸವಿದೆ. ಆ ಇತಿಹಾಸದುದ್ದಕ್ಕೂ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಎದ್ದಿವೆ. ಕಾನೂನಿನ ಲೆಕ್ಕದಲ್ಲಿ ಯಾರು ಸೇರುತ್ತಾರೆ? ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತದೆ?

ಮುಂಬಯಿ ಗಿರಣಿಗಳಿಂದ 1961ರವರೆಗೆ

1919ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಹೆರಿಗೆ ರಕ್ಷಣೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಅಲ್ಲಿಗೆ ಭಾರತದ ಕಾರ್ಮಿಕರ ಪ್ರತಿನಿಧಿಯಾಗಿ ಹೋಗಿದ್ದ ಎನ್. ಎಂ. ಜೋಶಿ 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ತಂದರು, ಅದು ಬಿದ್ದುಹೋಯಿತು. ಮುಂಬಯಿ ಪ್ರಾಂತ್ಯ ಮಾತ್ರ 1929ರಲ್ಲಿ ತನ್ನದೇ ಕಾಯಿದೆ ಮಾಡಿತು.

ಆ ಕಾಯಿದೆಯ ಮಸೂದೆಯ ಮೇಲೆ 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಡಾ. ಅಂಬೇಡ್ಕರ್ ಆಡಿದ ಮಾತು ಇಂದಿನ ಚರ್ಚೆಗೂ ಬೇಕಾದದ್ದು. ಹೆರಿಗೆಯ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ನಾಡಿನ ಹಿತ, ಆದ್ದರಿಂದ ಅದರ ಖರ್ಚಿನ ಬಹುಪಾಲನ್ನು ಸರ್ಕಾರವೇ ಹೊರಬೇಕು ಎಂಬುದನ್ನು ಅವರು ಒಪ್ಪಿದರು. ಆದರೆ ಸರ್ಕಾರ ಮುಂದೆ ಬರಲಿಲ್ಲವೆಂದು ಮಾಲೀಕರನ್ನು ಬಿಟ್ಟುಬಿಡಲಾಗದು. ಹೆಂಗಸರ ದುಡಿಮೆಯಿಂದ ಲಾಭ ಪಡೆಯುವವರು ಹೊಣೆಯನ್ನೂ ಹೊರಬೇಕು ಎಂದು ವಾದಿಸಿದರು. ಕಾಯಿದೆ ಹೊರಿಸಿದ್ದು ಮಾಲೀಕರ ಮೇಲೆ. ಮುಂದಿನ ದಶಕಗಳಲ್ಲಿ ಮುಂಬಯಿ ಬಟ್ಟೆ ಗಿರಣಿಗಳಲ್ಲಿ ಹೆಂಗಸರ ಪ್ರಮಾಣ ಇಳಿಯುತ್ತಲೇ ಹೋಯಿತು. 1920ರ ದಶಕದಲ್ಲಿ ಐವರಲ್ಲಿ ಒಬ್ಬರಷ್ಟಿದ್ದವರು ಕೊನೆಗೆ ಬೆರಳೆಣಿಕೆಗೆ ಬಂದರು. ಯಂತ್ರಗಳ ಬದಲಾವಣೆ, ರಾತ್ರಿ ಪಾಳಿಯ ನಿಷೇಧ, ಗಂಡಸರಿಗೆ ‘ಕುಟುಂಬದ ಕೂಲಿ’ ಬೇಕೆಂಬ ಸಂಘಗಳ ನಿಲುವು ಇವೆಲ್ಲ ಕಾರಣಗಳೇ. ಹೆಂಗಸರನ್ನು ಇಟ್ಟುಕೊಂಡರೆ ಖರ್ಚು ಹೆಚ್ಚು ಎಂಬ ಮಾಲೀಕರ ಲೆಕ್ಕವೂ ಅವುಗಳಲ್ಲೊಂದು.

ಸ್ವಾತಂತ್ರ್ಯಾನಂತರದ ಕಾನೂನುಗಳು ಇದೇ ಎರಡು ಹಳಿಗಳ ಮೇಲೆ ಹೋದವು. 1948ರ ನೌಕರರ ರಾಜ್ಯ ವಿಮಾ ಕಾಯಿದೆ, ಅಂದರೆ ಇಎಸ್ಐ, ಹೆರಿಗೆ ರಜೆಯ ಸಂಬಳವನ್ನು ಎಲ್ಲರ ವಂತಿಗೆಯಿಂದ ಕೂಡಿದ ನಿಧಿಯಿಂದ ಕೊಡುವ ಏರ್ಪಾಡು ಮಾಡಿತು. 1961ರ ಹೆರಿಗೆ ಸೌಲಭ್ಯ ಕಾಯಿದೆ ಅದೇ ಸಂಬಳವನ್ನು ಆಯಾ ಮಾಲೀಕನೇ ತನ್ನ ಕೈಯಿಂದ ಕೊಡಬೇಕೆಂದಿತು. 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿ, 50 ಜನರಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿದಾಗಲೂ ದುಡ್ಡಿನ ಹೊಣೆ ಕದಲಲಿಲ್ಲ. ಸಣ್ಣ ಸಂಬಳದ ನೌಕರರ ವಿಷಯದಲ್ಲಿ ಏಳು ವಾರದ ವೇತನವನ್ನು ಸರ್ಕಾರ ಮಾಲೀಕರಿಗೆ ತುಂಬಿಕೊಡುವ ಪ್ರಸ್ತಾವವೊಂದು 2018ರಲ್ಲಿ ಕೇಳಿಬಂತು, ಕಾರ್ಯರೂಪಕ್ಕೆ ಬರಲಿಲ್ಲ.

ಮದುವೆಯಾದರೆ ಮನೆಗೆ

ಹೆರಿಗೆಯ ಮಾತು ಆಮೇಲೆ. ಮದುವೆಯಾದರೇ ಕೆಲಸ ಹೋಗುವ ನಿಯಮಗಳು ಎಷ್ಟೋ ಕಡೆ ಇದ್ದವು. ಮುಂಬಯಿಯ ಔಷಧಿ ಕಂಪನಿಯೊಂದರ ಇಂಥ ನಿಯಮದ ವಿರುದ್ಧ ಬಾಂಬೆ ಲೇಬರ್ ಯೂನಿಯನ್ 1965ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ವಿದೇಶಾಂಗ ಸೇವೆಯ ಮೊದಲ ಮಹಿಳಾ ಅಧಿಕಾರಿ, ಕೊಡಗಿನ ಸಿ. ಬಿ. ಮುತ್ತಮ್ಮ, ಮದುವೆಗೆ ಸರ್ಕಾರದ ಅನುಮತಿ ಕೇಳುವ ಮತ್ತು ಸಂಸಾರ ಅಡ್ಡಿಯೆನಿಸಿದರೆ ರಾಜೀನಾಮೆ ಕೊಡಿಸುವ ನಿಯಮಗಳನ್ನು ಪ್ರಶ್ನಿಸಿದ್ದು 1979ರಲ್ಲಿ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಆ ನಿಯಮಗಳನ್ನು ಕಟುವಾಗಿ ಖಂಡಿಸಿತು. 1981ರಲ್ಲಿ ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ, ಮೊದಲ ಬಸಿರಿಗೇ ಗಗನಸಖಿಯರನ್ನು ಕೆಲಸದಿಂದ ತೆಗೆಯುವ ಏರ್ ಇಂಡಿಯಾದ ನಿಯಮ ರದ್ದಾಯಿತು.

ಈ ಸಾಲಿನಲ್ಲಿ ಕಡಿಮೆ ಸುದ್ದಿಯಾದರೂ ಹೆಚ್ಚು ದೂರ ಹೋಗುವ ತೀರ್ಪು 2000ದ್ದು. ದೆಹಲಿ ನಗರಪಾಲಿಕೆಯ ರಸ್ತೆ ಕೆಲಸದಲ್ಲಿ ದಿನಗೂಲಿಗಿದ್ದ ಹೆಂಗಸರು ತಮಗೂ ಹೆರಿಗೆ ರಜೆ ಬೇಕೆಂದು ಸಂಘದ ಮೂಲಕ ಕೇಳಿದರು. ಕಾಯಂ ನೌಕರಳಿಗೆ ಮಾತ್ರ ಎಂದು ಪಾಲಿಕೆ ಹೇಳಿತು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ದಿನಗೂಲಿ ಪಡೆಯುವವಳಿಗೂ ಕಾಯಿದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಬುಟ್ಟಿ ಹೊರುವವಳೂ ಮೇಜಿನ ಮುಂದೆ ಕೂತವಳಂತೆ ಕಾನೂನಿನ ಲೆಕ್ಕಕ್ಕೆ ಬಂದಳು.

ತಮ್ಮದೇ ಸಂಘ

ಕೋರ್ಟಿನ ಗೆಲುವುಗಳ ಹಿಂದೆ ಒಬ್ಬೊಬ್ಬರ ಹೆಸರು ಕಾಣುತ್ತದೆ. ಬೀದಿಯ ಗೆಲುವುಗಳ ಹಿಂದೆ ಕಾಣುವುದು ಹೆಂಗಸರೇ ಕಟ್ಟಿಕೊಂಡ ಬೇರೆ ಸಂಘಗಳು. ಅಹಮದಾಬಾದಿನಲ್ಲಿ ಇಳಾ ಭಟ್ 1972ರಲ್ಲಿ ಆರಂಭಿಸಿದ ‘ಸೇವಾ’ ಬಟ್ಟೆ ಗಿರಣಿ ಕಾರ್ಮಿಕರ ಹಳೆಯ ಸಂಘದ ಮಡಿಲಲ್ಲೇ ಹುಟ್ಟಿ, 1981ರಲ್ಲಿ ಅದರಿಂದ ಹೊರಬಿತ್ತು. ತಲೆಹೊರೆಯವರು, ಬೀಡಿ ಕಟ್ಟುವವರು, ತರಕಾರಿ ಮಾರುವವರು ಇದರ ಸದಸ್ಯರು. ಇವರಿಗೆ ಹೆರಿಗೆ ರಜೆ ಕೊಡಲು ಮಾಲೀಕನೇ ಇರಲಿಲ್ಲ. ಹಾಗಾಗಿ ಅವರು 1986ರಲ್ಲಿ ‘ಸಂಗಿನಿ’ ಎಂಬ ಶಿಶುಪಾಲನಾ ಸಹಕಾರಿ ಸಂಘವನ್ನು ತಾವೇ ಕಟ್ಟಿದರು. ದುಡಿಯುವ ತಾಯಿಯೂ ಮಗು ನೋಡಿಕೊಳ್ಳುವ ಶಿಕ್ಷಕಿಯೂ ಒಂದೇ ಸಹಕಾರಿಯ ಸದಸ್ಯರಾದ ಕಾರಣ ಕೇಂದ್ರದ ಹೊತ್ತು ತಾಯಂದಿರ ದುಡಿಮೆಯ ಹೊತ್ತಿಗೆ ಹೊಂದಿಕೊಂಡಿತು. ಇದಕ್ಕೂ ಮುಂಚೆ, 1969ರಲ್ಲಿ, ದೆಹಲಿಯ ಕಟ್ಟಡ ಕಾಮಗಾರಿಯ ಜಾಗದಲ್ಲೇ ಮೀರಾ ಮಹಾದೇವನ್ ‘ಮೊಬೈಲ್ ಕ್ರೆಶ್’ ಆರಂಭಿಸಿದ್ದರು. ಕೆಲಸ ಮುಗಿದು ಕೂಲಿಗಳು ಬೇರೆಡೆ ಹೊರಟಾಗ ಕೂಸುಗಳ ಕೇಂದ್ರವೂ ಅವರ ಜೊತೆ ಹೋಗುತ್ತಿತ್ತು.

2015ರ ಸೆಪ್ಟೆಂಬರಿನಲ್ಲಿ ಮುನ್ನಾರಿನ ಚಹಾ ತೋಟಗಳ ಹೆಂಗಸರು ಇನ್ನೂ ನೇರವಾಗಿ ಮಾತಾಡಿದರು. ಬೋನಸ್ಸನ್ನು ಶೇ. 20ರಿಂದ 10ಕ್ಕೆ ಇಳಿಸಿದ್ದಕ್ಕೆ ಸಾವಿರಾರು ಹೆಂಗಸರು ರಸ್ತೆ ತಡೆದು ಕೂತರು. ಗಂಡಸರ ಮುಂದಾಳತ್ವದ ಸಂಘಗಳ ನಾಯಕರು ಮಾತುಕತೆಗೆ ಬಂದರೆ ಹತ್ತಿರ ಸೇರಿಸಲಿಲ್ಲ. ‘ಪೆಂಬಿಳೈ ಒರುಮೈ’ ಎಂದು ಹೆಸರಾದ ಆ ಹೋರಾಟ ಒಂಬತ್ತು ದಿನಗಳಲ್ಲಿ ಕಳೆದುಕೊಂಡ ಬೋನಸ್ಸನ್ನು ಮರಳಿ ಪಡೆಯಿತು. ಕೂಲಿ, ಮನೆ, ಆಸ್ಪತ್ರೆ, ಮಕ್ಕಳ ಓದು ಇವನ್ನು ಅವರು ಒಂದೇ ಉಸಿರಿನಲ್ಲಿ ಕೇಳಿದರು. ಎಸ್ಟೇಟಿನ ಲಾಯದಂಥ ಮನೆಗಳಲ್ಲಿ ಬದುಕುವವರಿಗೆ ಕೆಲಸ ಬೇರೆ, ಸಂಸಾರ ಬೇರೆ ಎಂಬ ವಿಂಗಡಣೆಯೇ ಇಲ್ಲ.

ರಜೆ ಸಿಕ್ಕಿತು, ಕೂಸಿಗೆ ಜಾಗ ಸಿಗಲಿಲ್ಲ

ಬೆಂಗಳೂರು ಮತ್ತು ಸುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಲಕ್ಷಾಂತರ ಮಂದಿ ದುಡಿಯುತ್ತಾರೆ, ಬಹುಪಾಲು ಹೆಂಗಸರು. ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳವಾದ್ದರಿಂದ ಇಎಸ್ಐಗೆ ಸೇರುತ್ತಾರೆ. ಹೆರಿಗೆ ರಜೆಯ 26 ವಾರದ ವೇತನ ವಿಮಾ ನಿಧಿಯಿಂದ ಬರುತ್ತದೆ, ಮಾಲೀಕನ ಜೇಬಿನಿಂದಲ್ಲ. ಖರ್ಚಿನ ಪ್ರಶ್ನೆ ಇಲ್ಲಿ ಬಗೆಹರಿದಿದೆ. ಆದರೂ ಹೆರಿಗೆಗೆ ಹೋದವರಲ್ಲಿ ಎಷ್ಟೋ ಮಂದಿ ಕೆಲಸಕ್ಕೆ ಹಿಂತಿರುಗುವುದಿಲ್ಲ. ಆರು ತಿಂಗಳ ಕೂಸನ್ನು ಯಾರ ಹತ್ತಿರ ಬಿಡುವುದು?

30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರವಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 48ನೇ ಸೆಕ್ಷನ್ನು ಹೇಳುತ್ತಿತ್ತು. ಮೊದಲಿದ್ದ 50ರ ಸಂಖ್ಯೆಯನ್ನು 1976ರಲ್ಲಿ 30ಕ್ಕೆ ಇಳಿಸಲಾಗಿತ್ತು. ಕೋಣೆ, ನಾಲ್ಕು ತೊಟ್ಟಿಲು, ಒಬ್ಬ ಆಯಾ ಎಷ್ಟೋ ಕಡೆ ಇದ್ದರು. ಆದರೆ ಒಂದು ವರ್ಷವಾಗದ ಕೂಸನ್ನು ಸೇರಿಸಿಕೊಳ್ಳದ ಕಡೆಗಳಿದ್ದವು. ಬೆಳಿಗ್ಗೆ ಎಂಟಕ್ಕೆ ಮುಟ್ಟಬೇಕಾದ ಕಾರ್ಖಾನೆಗೆ ಕಿಕ್ಕಿರಿದ ಬಸ್ಸಿನಲ್ಲೋ ಕಾರ್ಖಾನೆಯ ವ್ಯಾನಿನಲ್ಲೋ ಹಸುಗೂಸನ್ನು ಎತ್ತಿಕೊಂಡು ಬರುವುದು ಹೇಗೆ? ಬಂದರೂ ಕೂಸು 15 ತಿಂಗಳಾಗುವವರೆಗೆ ಹಾಲೂಡಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂಬ ಕಾನೂನು ಲೈನಿನ ಮೇಲೆ ನಡೆಯುವುದು ಕಷ್ಟ. ಒಬ್ಬ ಟೈಲರ್ ಎದ್ದು ಹೋದರೆ ಬ್ಯಾಚಿನ ತುಂಡುಗಳು ಅಲ್ಲೇ ರಾಶಿ ಬೀಳುತ್ತವೆ, ಗಂಟೆಯ ಟಾರ್ಗೆಟ್ ತಪ್ಪುತ್ತದೆ, ಸೂಪರ್‌ವೈಸರ್ ಕೂಗಾಡುತ್ತಾನೆ. ಬಿಡುವು ಕೊಡುವುದು ಕಾನೂನು, ಕಸಿಯುವುದು ಟಾರ್ಗೆಟ್. ಹಾಗಾಗಿ ಕೂಸು ಮಾಗಡಿಯಲ್ಲೋ ಕುಣಿಗಲ್ಲಿನಲ್ಲೋ ಅಜ್ಜಿಯ ಹತ್ತಿರ ಬೆಳೆಯುತ್ತದೆ. ಇಲ್ಲವೇ ತಾಯಿ ಕೆಲಸ ಬಿಡುತ್ತಾಳೆ. ಬಿಟ್ಟವಳು ಪಿಎಫ್ ದುಡ್ಡು ತೆಗೆದುಕೊಂಡು ಒಂದೆರಡು ವರ್ಷದ ಮೇಲೆ ಇನ್ನೊಂದು ಕಾರ್ಖಾನೆಗೆ ಹೊಸಬಳಾಗಿ ಸೇರಿದರೆ, ಐದು ವರ್ಷದ ಸತತ ಸೇವೆಗೆ ಸಿಗಬೇಕಾದ ಗ್ರಾಚುಟಿ ಕೈತಪ್ಪುತ್ತದೆ.

2016ರ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ, ಪೀಣ್ಯ, ಜಾಲಹಳ್ಳಿಗಳಲ್ಲಿ ನಡೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮದ ಸುದ್ದಿ ಹರಡುತ್ತಲೇ ಸಾವಿರಾರು ಹೆಂಗಸರು ಮಿಷನ್ನು ಬಿಟ್ಟು ರಸ್ತೆಗಿಳಿದರು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಲಾಠಿ, ಅಶ್ರುವಾಯು ಎರಡೂ ಆದವು. ಎರಡನೆಯ ದಿನದ ಸಂಜೆಗೆ ಕೇಂದ್ರ ನಿಯಮವನ್ನು ಹಿಂತೆಗೆದುಕೊಂಡಿತು. ಮಗಳ ಶಾಲೆಯ ಫೀಸು, ಬಾಣಂತನ, ಮನೆಯ ಮುಂಗಡ ಇವಕ್ಕೆಲ್ಲ ಅವರಿಗಿದ್ದದ್ದು ಆ ಒಂದೇ ಗಂಟು. ಗಾರ್ಮೆಂಟ್ ಹೆಂಗಸರಿಗೆ ಸಂಘಟನೆ ಬರುವುದಿಲ್ಲ ಎಂದು ಹೇಳುತ್ತಿದ್ದವರು ಆಮೇಲೆ ಸ್ವಲ್ಪ ಸುಮ್ಮನಾದರು. ಗಾರ್ಮೆಂಟ್ ಲೇಬರ್ ಯೂನಿಯನ್ನಿನಂಥ, ಹೆಂಗಸರೇ ಮುನ್ನಡೆಸುವ ಸಂಘಗಳು ಕಾರ್ಖಾನೆಯ ಗೇಟಿಗಿಂತ ಹೆಚ್ಚಾಗಿ ಬಾಡಿಗೆ ಮನೆಗಳ ವಠಾರಗಳಲ್ಲಿ ಕೆಲಸ ಮಾಡುತ್ತವೆ. ಗೇಟಿನಲ್ಲಿ ನಿಂತು ಮಾತಾಡಲು ಕೆಲಸ ಮುಗಿಸಿ ಹೊರಟವಳಿಗೆ ಹೊತ್ತಿಲ್ಲ. ಮನೆಯಲ್ಲಿ ಅಡುಗೆ ಕಾಯುತ್ತಿರುತ್ತದೆ.

ಮಾಲೀಕನಿಲ್ಲದ ಕೆಲಸ

ಈವರೆಗಿನ ಮಾತು ಹಾಜರಿ ಪುಸ್ತಕದಲ್ಲಿ ಹೆಸರಿರುವವರದು. ದೇಶದಲ್ಲಿ ದುಡಿಯುವ ಹೆಂಗಸರಲ್ಲಿ ಹೆಚ್ಚಿನವರಿಗೆ ಅಂಥ ಪುಸ್ತಕವೇ ಇಲ್ಲ. ಬೀಡ್ ಜಿಲ್ಲೆಯಿಂದ ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆಗಳಿಗೂ ಕಬ್ಬು ಕಡಿಯಲು ಬರುವ ಗಂಡಹೆಂಡಿರನ್ನು ಕೂಲಿಯಾಳು ಒದಗಿಸುವ ಮುಕಾದಮನು ಒಂದೇ ‘ಕೊಯ್ತಾ’ (ಕುಡುಗೋಲು) ಎಂದು ಎಣಿಸಿ ಒಟ್ಟಿಗೆ ಮುಂಗಡ ಕೊಡುತ್ತಾನೆ. ಒಂದು ದಿನ ತಪ್ಪಿದರೆ ದಂಡ. ಮುಟ್ಟು, ಬಸಿರು, ಬಾಣಂತನ ಎಲ್ಲವೂ ದಂಡದ ದಿನಗಳೇ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ ಬೀಡಿನ ಸುಮಾರು 82 ಸಾವಿರ ಹೆಂಗಸರನ್ನು ಸಮೀಕ್ಷೆ ಮಾಡಿದಾಗ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದು ಬೆಳಕಿಗೆ ಬಂತು. ರಜೆಯಿಲ್ಲದ ಕೆಲಸ ದೇಹವನ್ನು ಎಲ್ಲಿಯವರೆಗೆ ದೂಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ‘ಮಹಿಳಾ ಕಿಸಾನ್ ಅಧಿಕಾರ್ ಮಂಚ್’ ಈ ಹೆಂಗಸರನ್ನು ಸಂಘಟಿಸುತ್ತಾ, ಗಂಡನ ಜೊತೆಗಲ್ಲದೆ ಅವರನ್ನು ಪ್ರತ್ಯೇಕ ಕಾರ್ಮಿಕರೆಂದು ನೋಂದಾಯಿಸಬೇಕೆಂದು ಒತ್ತಾಯಿಸುತ್ತಿದೆ. ಲೆಕ್ಕಕ್ಕೆ ಬರುವುದೇ ಇಲ್ಲಿ ಮೊದಲ ಬೇಡಿಕೆ.

ಮನೆಗೆಲಸದವರಿಗೆ 2004ರಲ್ಲೇ ಕನಿಷ್ಠ ಕೂಲಿ ನಿಗದಿ ಮಾಡಿದ ಹಿರಿಮೆ ಕರ್ನಾಟಕದ್ದು. ಬೆಂಗಳೂರಿನ ಸ್ತ್ರೀ ಜಾಗೃತಿ ಸಮಿತಿಯಂಥ ಸಂಘಟನೆಗಳು ವರ್ಷಗಟ್ಟಲೆ ನಡೆಸಿದ ಕೆಲಸ ಈ ದಿಕ್ಕಿನದು. ಹಾಗಿದ್ದೂ ವಾರದ ರಜೆ, ಹೆರಿಗೆ ರಜೆಗಳು ಇಂದಿಗೂ ಮನೆಯೊಡತಿ ‘ಅಕ್ಕ’ನ ಒಳ್ಳೆಯತನಕ್ಕೆ ಬಿಟ್ಟ ವಿಷಯ. 2022ರ ಜುಲೈಯಲ್ಲಿ ಬೆಂಗಳೂರಿನ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿಗೆ ಬಂದಾಗ ಮುಖ್ಯ ಬೇಡಿಕೆ ಕಾಯಮಾತಿ. ಅದರೊಳಗೇ ಹೆರಿಗೆ ರಜೆಯೂ ಅಡಗಿತ್ತು. ಯಾರ ಹತ್ತಿರ ರಜೆ ಕೇಳುವುದೆಂಬುದೇ ತಿಳಿಯದ ಸ್ಥಿತಿ ಆಗ ಅವರದಾಗಿತ್ತು.

ಮಾಲೀಕನಿಲ್ಲದ ತಾಯಿಗೆ ಸರ್ಕಾರವೇ ಕೊಡಬೇಕು ಎಂಬ ಅಂಬೇಡ್ಕರ್ ವಾದದ ಮೊದಲರ್ಧ 2013ರ ಆಹಾರ ಭದ್ರತಾ ಕಾಯಿದೆಯಲ್ಲಿ ಜೀವ ಪಡೆಯಿತು. ಆಹಾರದ ಹಕ್ಕಿನ ಆಂದೋಲನದ ಒತ್ತಡದಿಂದ ಪ್ರತಿ ಬಸುರಿ, ಬಾಣಂತಿಗೆ ಕನಿಷ್ಠ 6,000 ರೂಪಾಯಿ ಎಂಬ ಮಾತು ಕಾನೂನಿಗೆ ಸೇರಿತು. ಆದರೆ 2017ರಲ್ಲಿ ಬಂದ ಮಾತೃ ವಂದನಾ ಯೋಜನೆ ಅದನ್ನು ಮೊದಲ ಮಗುವಿಗೆ 5,000 ರೂಪಾಯಿಗೆ ಇಳಿಸಿತು. ಆಮೇಲೆ ಎರಡನೆಯದು ಹೆಣ್ಣಾದರೆ ಮಾತ್ರ ಎಂದು ಸೇರಿಸಿತು. ಕಾಯಿದೆ ಎಲ್ಲರಿಗೂ ಎಂದಿತ್ತು, ಯೋಜನೆ ಕೆಲವರಿಗೆ ಎಂದಿತು.

ಕೂಸು ನೋಡಿಕೊಳ್ಳುವವರ ಕೂಲಿ

ದುಡಿಯುವ ತಾಯಿಯ ಕೂಸನ್ನು ನೋಡಿಕೊಳ್ಳುವವಳೂ ದುಡಿಯುವ ಹೆಂಗಸೇ. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದಾಗ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಒಂದು. ಅಂದಿನಿಂದ ಅಂಗನವಾಡಿ ಕಾರ್ಯಕರ್ತೆಗೆ ಸಿಗುತ್ತಿರುವುದು ಸಂಬಳವಲ್ಲ, ‘ಗೌರವಧನ’. 2017ರ ಮಾರ್ಚಿನಲ್ಲಿ ರಾಜ್ಯದ ಮೂಲೆಮೂಲೆಯಿಂದ ಬಂದ ಕಾರ್ಯಕರ್ತೆಯರು, ಸಹಾಯಕಿಯರು ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲೇ ರಾತ್ರಿಗಳನ್ನು ಕಳೆದರು. ಕೆಲವರ ಮಡಿಲಲ್ಲಿ ಎಳೆಯ ಕೂಸುಗಳಿದ್ದವು. 2022ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಗ್ರಾಚುಟಿಯ ಹಕ್ಕಿದೆಯೆಂದಿತು. ಅದನ್ನು ಜಾರಿ ಮಾಡಿಸಲು 2023ರ ಜನವರಿಯಲ್ಲಿ ಮತ್ತೆ ಫ್ರೀಡಂ ಪಾರ್ಕಿಗೆ ಬರಬೇಕಾಯಿತು. 2025ರ ಜನವರಿಯಲ್ಲಿ ಅದೇ ಜಾಗದಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಕೂತು ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದರು. ಅವರು ಕೇಳಿದ್ದು 15,000.

ಕರ್ನಾಟಕ 2023–24ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಆರಂಭಿಸುವುದಾಗಿ ಪ್ರಕಟಿಸಿತು. ಕೆಲಸದ ಜಾಗದಲ್ಲಿ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬಳನ್ನು ನೇಮಿಸಬೇಕೆಂದು 2005ರ ಉದ್ಯೋಗ ಖಾತ್ರಿ ಕಾಯಿದೆ ಹೇಳಿತ್ತು. ಆ ಮಾತಿಗೆ ಸೂರು ಕೊಟ್ಟದ್ದು ಈ ಯೋಜನೆ. ಯೋಚನೆ ಒಳ್ಳೆಯದು, ಆದರೆ ಆರೈಕೆ ಮಾಡುವವಳಿಗೆ ಜಾಬ್ ಕಾರ್ಡಿನ ದಿನಗೂಲಿ. ಅವಳ ಪಾಲಿನ ಕೂಲಿಯ ದಿನಗಳು ಮುಗಿದರೆ ಇನ್ನೊಬ್ಬಳು ಬರಬೇಕು. ಮುಖ ಬದಲಾಗುತ್ತಿದ್ದರೆ ಕೂಸು ಹೊಂದಿಕೊಳ್ಳುವುದಿಲ್ಲ, ತಾಯಿಗೆ ನಂಬಿಕೆ ಬರುವುದಿಲ್ಲ. ಅಗ್ಗದ ಆರೈಕೆಯ ಮೇಲೆ ನಿಂತ ಕುಟುಂಬಸ್ನೇಹಿ ನೀತಿ ಒಬ್ಬ ಹೆಂಗಸಿನ ಭಾರವನ್ನು ಇನ್ನೊಬ್ಬಳ ತಲೆಗೆ ದಾಟಿಸುತ್ತದೆ, ಅಷ್ಟೆ.

ರಜೆ ಕೊಟ್ಟರೆ ಕೆಲಸ ಹೋಗುವುದೇ?

2025ರ ಅಕ್ಟೋಬರಿನಲ್ಲಿ ಕರ್ನಾಟಕ ಸಚಿವ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಸರ್ಕಾರ ನೇಮಿಸಿದ್ದ ಸಮಿತಿ ಕೇಳಿದ್ದು ಆರು ದಿನ. ಸರ್ಕಾರಿ ಕಚೇರಿಗಳ ಜೊತೆಗೆ ಖಾಸಗಿ ಕಾರ್ಖಾನೆ, ಅಂಗಡಿ, ತೋಟಗಳಿಗೂ ಇದನ್ನು ಅನ್ವಯಿಸಿದ್ದು ವಿಶೇಷ. ಬಿಹಾರ 1992ರಲ್ಲೇ ತಿಂಗಳಿಗೆ ಎರಡು ದಿನ ಕೊಟ್ಟಿತ್ತು, ಆದರೆ ಸರ್ಕಾರಿ ನೌಕರರಿಗೆ ಮಾತ್ರ. ಕರ್ನಾಟಕದ ಆದೇಶದ ವಿರುದ್ಧ ಹೋಟೆಲು ಮಾಲೀಕರ ಸಂಘ ಹೈಕೋರ್ಟಿಗೆ ಹೋಯಿತು. ಇಂಥ ರಜೆಯನ್ನು ಕಡ್ಡಾಯ ಮಾಡಿದರೆ ಹೆಂಗಸರಿಗೆ ಕೆಲಸ ಕೊಡುವವರು ಹಿಂಜರಿಯಬಹುದು ಎಂದು ಸುಪ್ರೀಂ ಕೋರ್ಟೇ 2024ರಲ್ಲಿ ಆತಂಕ ಸೂಚಿಸಿತ್ತು.

ಆ ಆತಂಕವನ್ನು ತಳ್ಳಿಹಾಕಲಾಗದು. ಮುಂಬಯಿ ಗಿರಣಿಗಳ ಇತಿಹಾಸ ಕಣ್ಣ ಮುಂದಿದೆ. ಆದರೆ ಅದರಿಂದ ರಜೆಯೇ ಬೇಡ ಎಂಬ ತೀರ್ಮಾನಕ್ಕೆ ಹೋಗಬೇಕಿಲ್ಲ. ಪ್ರತಿ ರಜೆಯೂ ಒಬ್ಬ ಹೆಂಗಸಿನ ಹೆಸರಿನ ಮುಂದೆ, ಒಬ್ಬ ಮಾಲೀಕನ ಖರ್ಚಾಗಿ ಬರೆದಿರುವವರೆಗೆ ಹೆಂಗಸು ದುಬಾರಿ ಕೆಲಸಗಾರಳಾಗಿಯೇ ಕಾಣುತ್ತಾಳೆ. ಮೊದಲು ಬದಲಾಗಬೇಕಾದದ್ದು ಈ ಬರೆಯುವ ಕ್ರಮ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ 183ನೇ ಒಡಂಬಡಿಕೆಯೂ ಹೆರಿಗೆ ಸೌಲಭ್ಯದ ಹಣ ಸಾಮಾಜಿಕ ವಿಮೆಯಿಂದಲೋ ಸಾರ್ವಜನಿಕ ನಿಧಿಯಿಂದಲೋ ಬರಬೇಕೆನ್ನುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ಹಾಗೆಂದು ಹೊಸ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಇಎಸ್ಐ ನಮ್ಮಲ್ಲಿ ಮುಕ್ಕಾಲು ಶತಮಾನದಿಂದ ಇದೆ. ಅಲ್ಲಿ ಗಂಡಸರ ಸಂಬಳದ ಮೇಲೂ ವಂತಿಗೆ ಕಟ್ಟುತ್ತಾರೆ, ಹಾಗಾಗಿ ಹೆಂಗಸನ್ನು ಬಿಟ್ಟು ಗಂಡಸನ್ನು ತೆಗೆದುಕೊಂಡರೆ ಮಾಲೀಕನಿಗೆ ಆ ಬಾಬಿನಲ್ಲಿ ಉಳಿತಾಯವಿಲ್ಲ. 21,000ದ ಮಿತಿಯನ್ನು ಏರಿಸಿ, ಗುತ್ತಿಗೆಯವರನ್ನೂ ಮನೆಗೆಲಸದವರನ್ನೂ ಒಳಗೆ ತಂದರೆ 1961ರ ಕಾಯಿದೆಯ ಮೂಲದೋಷ ಬಹುಮಟ್ಟಿಗೆ ನೀಗುತ್ತದೆ.

ಎರಡನೆಯದು ಎಣಿಕೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಕಾರ್ಖಾನೆಯ ಶಿಶುಪಾಲನಾ ಕೇಂದ್ರಕ್ಕೂ ಹೆಂಗಸರ ತಲೆ ಎಣಿಸುವುದನ್ನು ಬಿಟ್ಟು, ಗಂಡು ಹೆಣ್ಣೆನ್ನದೆ 50 ಕಾರ್ಮಿಕರ ಲೆಕ್ಕ ಹಿಡಿದಿವೆ. ತತ್ವದಲ್ಲಿ ಇದು ಮುಂದಡಿ. 31ನೆಯ ಹೆಂಗಸನ್ನು ಸೇರಿಸಿಕೊಳ್ಳದೆ ಕೇಂದ್ರ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು. ಆದರೆ 35 ಹೆಂಗಸರೂ ಹತ್ತು ಗಂಡಸರೂ ಇರುವ ಸಣ್ಣ ಘಟಕ ಮೊದಲು ಕಾನೂನಿನೊಳಗಿತ್ತು, ಈಗ ಹೊರಗೆ ಬಿತ್ತು. ಇಂಥ ಘಟಕಗಳು ಸೇರಿ ಒಂದು ಕೇಂದ್ರ ನಡೆಸುವಂತೆ, ಅದು ಕಾರ್ಖಾನೆಯ ಗೇಟಿಗಿಂತ ಕಾರ್ಮಿಕರ ವಠಾರಕ್ಕೆ ಹತ್ತಿರವಿರುವಂತೆ ರಾಜ್ಯದ ನಿಯಮಗಳಲ್ಲೇ ಬರೆಸಬೇಕಿದೆ.

ಮೂರನೆಯದು ತಂದೆ. ಕೇಂದ್ರ ಸರ್ಕಾರಿ ನೌಕರಳಿಗೆ 730 ದಿನಗಳ ಶಿಶುಪಾಲನಾ ರಜೆಯಿದೆ, ರಾಜ್ಯ ಸರ್ಕಾರಿ ನೌಕರಳಿಗೆ 2021ರಿಂದ ಆರು ತಿಂಗಳಿದೆ, ಗಾರ್ಮೆಂಟ್ಸ್ ಹೆಣ್ಣಿಗೆ ಒಂದು ದಿನವೂ ಇಲ್ಲ. ಖಾಸಗಿ ಕೆಲಸದಲ್ಲಿರುವ ತಂದೆಗೆ ಪಿತೃತ್ವ ರಜೆಯ ಕಾನೂನೇ ಇಲ್ಲ. 2017ರಲ್ಲಿ ಲೋಕಸಭೆಗೆ ಬಂದ ಖಾಸಗಿ ಮಸೂದೆ ಅಲ್ಲೇ ನಿಂತಿತು. ತಂದೆಯೂ ರಜೆ ತೆಗೆದುಕೊಳ್ಳುವಂತಾದಾಗ ಮಾತ್ರ ಕೂಸಿನ ಕಾರಣಕ್ಕೆ ಹೆಂಗಸನ್ನೇ ಬೆರಳು ಮಾಡಿ ತೋರಿಸುವುದು ನಿಲ್ಲುತ್ತದೆ. ಈ ಬೇಡಿಕೆಯನ್ನು ಹೆಂಗಸರ ಸಂಘಗಳಿಗಷ್ಟೇ ಬಿಡಬಾರದು. ಗಂಡಸರು ತುಂಬಿರುವ ಸಾರಿಗೆ, ಬ್ಯಾಂಕು, ಐಟಿ ಸಂಘಗಳು ತಮ್ಮ ಮುಂದಿನ ಒಪ್ಪಂದದ ಬೇಡಿಕೆ ಪಟ್ಟಿಯಲ್ಲಿ ಅದನ್ನು ಕೂಲಿಯ ಪಕ್ಕದಲ್ಲೇ ಬರೆದು ಚೌಕಾಸಿಗೆ ಕೂರಬೇಕು.